ಮನೆಯಲ್ಲಿ ಮೊದಲ ಉಪ್ಪುನೀರಿನ ಅಕ್ವೇರಿಯಂ: ಮೀನಿಗೆ ಮುಂಚೆ ನೀರು ಸಿದ್ಧವಾಗಲಿ

ಮೊಬೈಲ್ ತೆರೆದರೆ ಸಾಕು, ಯಾರದೋ ಮನೆಯ ಹಾಲ್‌ನಲ್ಲಿ ನೀಲಿ ಬೆಳಕಿನ ಟ್ಯಾಂಕ್, ಅದರೊಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್‌ಫಿಶ್ ಓಡಾಡುವ ರೀಲ್ ಕಣ್ಣಿಗೆ ಬೀಳುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ, ದೊಡ್ಡವರಿಗೂ ಆಸೆ ಆಗುತ್ತದೆ. ಅಂಗಡಿಗೆ ಹೋದರೆ ಟ್ಯಾಂಕು, ಲೈಟು, ಉಪ್ಪಿನ ಪ್ಯಾಕೆಟ್ಟು, ಮೀನು ಎಲ್ಲವನ್ನೂ ಒಂದೇ ದಿನ ಕಟ್ಟಿ ಕಳಿಸುವವರೂ ಇದ್ದಾರೆ. ಹಾಗೆ ತಂದ ಮೀನು ಬಹಳ ಸಲ ಕೆಲವೇ ದಿನಗಳಲ್ಲಿ ಸಾಯುತ್ತದೆ. ಏನೋ ರೋಗ ಇತ್ತು ಅಂದುಕೊಂಡು ಇನ್ನೊಂದು ತರುತ್ತೇವೆ, ಅದೂ ಹೋಗುತ್ತದೆ. ಹೆಚ್ಚಿನ ಸಲ ನಿಜವಾದ ಕಾರಣ ಒಂದೇ. ನೀರು ಇನ್ನೂ ಸಿದ್ಧವಾಗಿರಲಿಲ್ಲ.

ನೀರು ಸಿದ್ಧವಾಗುವುದು ಅಂದರೆ ಏನು, ಅದಕ್ಕೆ ಯಾಕೆ ವಾರಗಟ್ಟಲೆ ಬೇಕು, ನಮ್ಮ ದೇಶದ ಕಾನೂನು ಏನು ಹೇಳುತ್ತದೆ, ಯಾವ ಮೀನಿನಿಂದ ಶುರು ಮಾಡಬಹುದು, ಇವಿಷ್ಟನ್ನು ಮೊದಲಿನಿಂದ ನೋಡೋಣ.

ಅಡುಗೆ ಉಪ್ಪು ಯಾಕೆ ಆಗುವುದಿಲ್ಲ

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಅದರಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ದೊಡ್ಡ ಪಾಲು, ಸುಮಾರು 30 ಗ್ರಾಂ. ಉಳಿದ 5 ಗ್ರಾಂನಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಎಲ್ಲವೂ ಇವೆ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟರೆ ಹೆಚ್ಚೇನೂ ಇಲ್ಲ, ಮೇಲಿಂದ ಅಯೋಡಿನ್ ಮತ್ತು ಗಂಟು ಕಟ್ಟದಂತೆ ಬೆರೆಸಿದ ಪುಡಿ. ಆ 5 ಗ್ರಾಂ ಇಲ್ಲದಿದ್ದರೆ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, ಒಂದೇ ಕಡೆ ನಿಲ್ಲುವುದಿಲ್ಲ, ಬಸವನ ಹುಳುವಿನ ಚಿಪ್ಪು ಬೆಳೆಯುವುದಿಲ್ಲ. ಅದಕ್ಕೇ ಮರೈನ್ ಸಾಲ್ಟ್ ಅಂತ ಬೇರೆಯೇ ಮಿಶ್ರಣ ಸಿಗುತ್ತದೆ. ಬೇಕಾಗಿರುವುದು ಅದೇ.

ಕರಾವಳಿಯವರು ಕೇಳಬಹುದು: ಮನೆ ಹತ್ತಿರವೇ ಕಡಲಿದೆ, ಒಂದು ಕ್ಯಾನ್ ತುಂಬಿಸಿಕೊಂಡು ಬಂದರೆ ಆಗಲ್ವಾ? ದಡದ ನೀರು ನಂಬುವಂಥದ್ದಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿಯಂಥ ನದಿಗಳ ಸಿಹಿನೀರು ಬಂದು ಸೇರಿ ಉಪ್ಪಿನಂಶ ಇಳಿದಿರುತ್ತದೆ. ದೋಣಿಗಳ ಡೀಸೆಲ್, ಚರಂಡಿ ನೀರು, ರೋಗಾಣು ಕೂಡ ಇರಬಹುದು. ಹೊಸಬರಿಗೆ ಮನೆಯಲ್ಲೇ ಕಲಸಿದ ನೀರು ಸುರಕ್ಷಿತ.

ಇನ್ನೊಂದು ಪ್ರಶ್ನೆ ಬರುತ್ತದೆ. ಸಿಹಿನೀರಿನ ಮೀನನ್ನು ನಿಧಾನವಾಗಿ ಉಪ್ಪಿಗೆ ಒಗ್ಗಿಸಬಹುದಾ? ಗೋಲ್ಡ್‌ಫಿಶ್‌ನಂಥ ಮೀನಿಗೆ ಅದು ಸಾಧ್ಯವಿಲ್ಲ. ಕಡಲ ಮೀನಿನ ಮೈಯೊಳಗಿನ ದ್ರವಕ್ಕಿಂತ ಹೊರಗಿನ ನೀರು ಹೆಚ್ಚು ಉಪ್ಪು. ಹಾಗಾಗಿ ಅದರ ದೇಹದಿಂದ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಆ ನಷ್ಟ ತುಂಬಿಸಲು ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಸಿಹಿನೀರಿನ ಮೀನಿನದು ಪೂರ್ತಿ ಉಲ್ಟಾ ಕೆಲಸ. ಅದರ ಮೈಯೊಳಗೆ ನೀರು ನುಗ್ಗುತ್ತಿರುತ್ತದೆ, ಅದನ್ನು ಮೂತ್ರವಾಗಿ ಹೊರಹಾಕುತ್ತಾ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಉಪ್ಪಿನ ಮಟ್ಟ ದಿಢೀರ್ ಏರಿಳಿದರೆ ಕಡಲ ಮೀನು ಬಳಲುವುದಕ್ಕೂ ಇದೇ ಕಾರಣ.

ನಲ್ಲಿ ನೀರು, ಬೋರ್ ನೀರು, ಆರ್‌ಓ ನೀರು

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನ ಗಡಸುತನ ಬೆಂಗಳೂರಿನವರಿಗೆ ಗೊತ್ತೇ ಇದೆ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಲೆ ಬಿಡುವ ನೀರು ಅದು. ಇಂಥ ನೀರಿನಲ್ಲಿ ನೈಟ್ರೇಟ್, ಸಿಲಿಕೇಟ್, ಕೆಲವೊಮ್ಮೆ ತಾಮ್ರ ಕೂಡ ಇರಬಹುದು. ನೈಟ್ರೇಟ್ ಮತ್ತು ಸಿಲಿಕೇಟ್ ಪಾಚಿಗೆ ಊಟ. ತಾಮ್ರ ಸೀಗಡಿಗೂ ಬಸವನ ಹುಳುವಿಗೂ ವಿಷ.

ಆದ್ದರಿಂದ ಉಪ್ಪು ಕಲಸುವ ಮೊದಲು ನೀರು ಖಾಲಿಯಾಗಿರಬೇಕು, ಅಂದರೆ ಏನೂ ಕರಗಿರಬಾರದು. ಅಡುಗೆಮನೆಯ ಆರ್‌ಓ ಸಾಕಲ್ವಾ ಅನ್ನಿಸಬಹುದು. ಅದರಲ್ಲಿ ಬಹಳಷ್ಟು ಮಾಡೆಲ್‌ಗಳು ಕುಡಿಯಲು ರುಚಿ ಬರಲಿ ಅಂತ ಸ್ವಲ್ಪ ಖನಿಜವನ್ನು ವಾಪಸ್ ಬೆರೆಸುತ್ತವೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಸೊನ್ನೆ ತೋರಿಸುವುದು ಅಪರೂಪ. ಆರ್‌ಓ ಆದಮೇಲೆ ಡಿಐ ಅನ್ನುವ ಇನ್ನೊಂದು ಹಂತ ಇರುವ ಯಂತ್ರ ಬೇಕು. ಅದರಲ್ಲಿರುವ ರೆಸಿನ್ ಕಾಳುಗಳು ಉಳಿದ ಲವಣವನ್ನೂ ಹಿಡಿದುಕೊಂಡು ಟಿಡಿಎಸ್ಸನ್ನು ಸೊನ್ನೆಗೆ ಇಳಿಸುತ್ತವೆ.

ಇಲ್ಲೊಂದು ಮಾತು ಹೇಳಲೇಬೇಕು. ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಎರಡು-ಮೂರು ಲೀಟರ್ ಹೊರಗೆ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದ ಊರು ಬೆಂಗಳೂರು. ಆ ಪೈಪನ್ನು ಬಕೆಟ್ಟಿಗೆ ಬಿಟ್ಟುಕೊಳ್ಳಿ, ನೆಲ ಒರೆಸಲು, ಟಾಯ್ಲೆಟ್ಟಿಗೆ ಧಾರಾಳವಾಗಿ ಆಗುತ್ತದೆ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಎಲ್ಲಿಡಬೇಕು

ಚಿಕ್ಕದು ಸುಲಭ ಅನ್ನಿಸುತ್ತದೆ. ಉಪ್ಪುನೀರಿನಲ್ಲಿ ಆ ಲೆಕ್ಕ ತಿರುಗುಮುರುಗು. ನೀರು ಕಡಿಮೆ ಇದ್ದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲವೂ ಬೇಗ ಏರುತ್ತವೆ. 20 ಲೀಟರ್ ಟ್ಯಾಂಕಿನಲ್ಲಿ ಒಂದು ಸತ್ತ ಬಸವನ ಹುಳು ಕೂಡ ದೊಡ್ಡ ಅನಾಹುತ ಮಾಡಬಲ್ಲದು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಒಳ್ಳೆಯ ಶುರು. ಅದರಲ್ಲಿ ಸುಮಾರು 127 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು ಹಾಕಿದ ಮೇಲೆ 110 ಲೀಟರ್ ನೀರು ಅಂದುಕೊಳ್ಳಿ.

ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ತೂಕ 170-200 ಕಿಲೋ ಆಗುತ್ತದೆ. ಟಿವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಬೇಡ. ಗೋಡೆಗೆ ಹತ್ತಿರ, ನೆಲ ಮಟ್ಟಸವಾಗಿರುವ ಕಡೆ, ನೇರ ಬಿಸಿಲು ಬೀಳದ ಜಾಗ ನೋಡಿ.

ಸಾಮಾನು ಪಟ್ಟಿ ಉದ್ದವಾಗಿ ಕಂಡರೂ ಒಂದೊಂದಕ್ಕೂ ಒಂದು ಕೆಲಸ ಇದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದರೆ ಕಡಲ ನೀರು 7ಕ್ಕಿಂತ ಕಡಿಮೆ. ಹಾಗಾಗಿ ನೀರಿನ ಮೇಲ್ಮೈ ಸದಾ ಅಲುಗುತ್ತಿರಬೇಕು, ಆ ಕೆಲಸ ವೇವ್‌ಮೇಕರ್‌ನದು. ಪ್ರೋಟೀನ್ ಸ್ಕಿಮ್ಮರ್ ಸಣ್ಣ ಗುಳ್ಳೆಗಳನ್ನೆಬ್ಬಿಸಿ, ನೀರಿನಲ್ಲಿ ಕರಗಿದ ಕೊಳೆಯನ್ನು ನೊರೆಯ ಜೊತೆ ಮೇಲೆತ್ತಿ ಒಂದು ಬಟ್ಟಲಿಗೆ ತಳ್ಳುತ್ತದೆ. ಆ ಬಟ್ಟಲಿನ ಕಂದು ನೀರಿನ ವಾಸನೆ ನೋಡಿದರೆ ಸಾಕು, ಟ್ಯಾಂಕಿನಲ್ಲಿ ಏನೇನು ಕೊಳೆಯುತ್ತಿತ್ತು ಅಂತ ಗೊತ್ತಾಗುತ್ತದೆ. ಹೀಟರ್ ಬೆಂಗಳೂರಿನ ಡಿಸೆಂಬರ್-ಜನವರಿ ರಾತ್ರಿಗಳಿಗೆ. ನೀರು 25-26 ಡಿಗ್ರಿಯಲ್ಲಿ ನಿಲ್ಲಬೇಕು. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆದರೆ ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿ ನೀರು ತಣಿಸುವ ಚಿಲ್ಲರ್ ಯಂತ್ರ ಬೇಕಾಗಬಹುದು, ಅದು ದುಬಾರಿ. ಹಾಗಾಗಿ ಟ್ಯಾಂಕ್ ಕೊಳ್ಳುವ ಮೊದಲೇ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಕರೆಂಟಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗಿರಲಿ, ಆಗ ವೈರ್ ಮೇಲೆ ಜಾರಿದ ನೀರು ಪ್ಲಗ್ ತಲುಪದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಆ ಲೈನಿಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇದೆಯಾ ಅಂತ ನೋಡಿಸಿ. ಟ್ಯಾಂಕಿಗೆ ಕೈ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿ.

ಉಪ್ಪು ಕಲಸುವುದು

ಮೊದಲು ನೀರು, ಆಮೇಲೆ ಉಪ್ಪು. ಸ್ವಲ್ಪ ನೀರಿಗೆ ಉಪ್ಪೆಲ್ಲ ಸುರಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಡ್ರಮ್ಮಿನಲ್ಲಿ ಆರ್‌ಓ-ಡಿಐ ನೀರು ತುಂಬಿ, ಒಂದು ಚಿಕ್ಕ ಪಂಪ್ ಓಡಿಸುತ್ತಾ ಸ್ವಲ್ಪ ಸ್ವಲ್ಪವೇ ಉಪ್ಪು ಹಾಕಿ. ಲೀಟರಿಗೆ 35 ಗ್ರಾಂ ಅಂದಾಜು, ಪ್ಯಾಕೆಟ್ಟಿನ ಮೇಲೆ ಸ್ವಲ್ಪ ಜಾಸ್ತಿ ಬರೆದಿರಬಹುದು, ಮಿಶ್ರಣದಲ್ಲಿ ತೇವಾಂಶವೂ ಇರುತ್ತದಲ್ಲ.

ಕಲಸಿದ್ದು ಸರಿಯಾಯಿತಾ ಅಂತ ನೋಡಲು ರಿಫ್ರಾಕ್ಟೋಮೀಟರ್ ಕೊಳ್ಳಿ. ಅದರ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳ ಇಳಿಸಿ, ಬೆಳಕಿನ ಕಡೆ ಹಿಡಿದು ಒಂದು ಕಣ್ಣಿನಿಂದ ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ, ಎರಡೂ ಸೇರುವ ಗೆರೆ ಎಷ್ಟರ ಮೇಲಿದೆಯೋ ಅಷ್ಟು ಉಪ್ಪು. ಲವಣದ ಅಳತೆಯಲ್ಲಿ 35 ಅಥವಾ ಸಾಪೇಕ್ಷ ಸಾಂದ್ರತೆಯ ಅಳತೆಯಲ್ಲಿ 1.026ರ ಹತ್ತಿರ ನಿಂತಿದ್ದರೆ ಸರಿ. ಈ ಉಪಕರಣ ಕಾಲಕ್ರಮೇಣ ತಪ್ಪು ತೋರಿಸಲು ಶುರು ಮಾಡುತ್ತದೆ. 35ರ ಅಳತೆಯ ದ್ರಾವಣ ಬಾಟಲಿಯಲ್ಲಿ ಸಿಗುತ್ತದೆ, ಆಗಾಗ ಅದನ್ನು ಹಾಕಿ ಸರಿಮಾಡಿಕೊಳ್ಳಿ.

ಸೈಕ್ಲಿಂಗ್: ಆ ಕಾಯುವ ವಾರಗಳಲ್ಲಿ ಏನಾಗುತ್ತದೆ

ಮೀನಿನ ಕಿವಿರಿನಿಂದ ಅಮೋನಿಯ ಬರುತ್ತದೆ. ಮಿಕ್ಕ ಆಹಾರ ಕೊಳೆತರೂ ಅದೇ ಬರುತ್ತದೆ. ನದಿಯಲ್ಲೋ ಕಡಲಿನಲ್ಲೋ ಅದು ತೇಲಿಹೋಗುತ್ತದೆ, ಟ್ಯಾಂಕಿನಲ್ಲಿ ಹೋಗಲು ದಾರಿ ಇಲ್ಲ. ಜೊತೆಗೆ ಕಡಲ ನೀರಿನ ಪಿಎಚ್ 8.1ರಿಂದ 8.4. ಪಿಎಚ್ ಏರಿದಷ್ಟೂ ಅಮೋನಿಯದ ವಿಷಕಾರಿ ರೂಪ ಹೆಚ್ಚುತ್ತದೆ. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ ಇಲ್ಲಿ ಅದೇ ಪ್ರಮಾಣದ ಅಮೋನಿಯದಲ್ಲಿ ವಿಷದ ಪಾಲು ಹತ್ತು ಪಟ್ಟಿಗೂ ಜಾಸ್ತಿ. ಸಿಹಿನೀರಿನ ಟ್ಯಾಂಕಿನಲ್ಲಿ ಹೇಗೋ ನಡೆದುಹೋಗುವ ಆತುರ ಇಲ್ಲಿ ನಡೆಯದಿರುವುದು ಇದೇ ಕಾರಣಕ್ಕೆ.

ನಮ್ಮನ್ನು ಕಾಪಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ವಾರವಾರ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ವಾಸಿಸುವುದು ಕಲ್ಲಿನ ತೂತುಗಳಲ್ಲಿ, ಮರಳಿನ ಮೇಲೆ, ಫಿಲ್ಟರಿನಲ್ಲಿ. ಹೊಸ ಟ್ಯಾಂಕಿನಲ್ಲಿ ಅವು ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅವನ್ನು ಬೆಳೆಸುವ ಕೆಲಸಕ್ಕೆ ಸೈಕ್ಲಿಂಗ್ ಅನ್ನುತ್ತಾರೆ.

ಮೊಸರಿಗೆ ಹೆಪ್ಪು ಹಾಕುವುದು ಗೊತ್ತಲ್ಲ, ಹೆಚ್ಚುಕಡಿಮೆ ಅದೇ ಕೆಲಸ ಇದು. ಹಾಲು ಬೆಚ್ಚಗಿರಬೇಕು, ಒಂದು ಚಮಚ ಹೆಪ್ಪು ಬೀಳಬೇಕು, ಆಮೇಲೆ ಮುಟ್ಟದೆ ಬಿಡಬೇಕು. ಇಲ್ಲಿ ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹೆಪ್ಪು, ಅಮೋನಿಯ ಹಾಲು. ಆದರೆ ಮೊಸರು ಬೆಳಗಾಗುವುದರೊಳಗೆ ಆಗುತ್ತದೆ, ಟ್ಯಾಂಕಿಗೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಈ ಬ್ಯಾಕ್ಟೀರಿಯಾ ತುಂಬ ನಿಧಾನವಾಗಿ ಹೆಚ್ಚುತ್ತವೆ.

ಮಾಡುವುದು ಹೀಗೆ. ಕಲ್ಲು, ಮರಳು, ಉಪ್ಪುನೀರು ಹಾಕಿ ಪಂಪ್ ಓಡಿಸಿ. ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಅಳತೆ ಮಾಡಿ ಅಮೋನಿಯ 2 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ, ಆಗುವಷ್ಟು ಹಾಕಿ. ಅದು ಸಿಗದಿದ್ದರೆ ಮೀನು ಮಾರ್ಕೆಟ್ಟಿನ ಒಂದು ಹಸಿ ಸೀಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಬಿಟ್ಟರೂ ಕೊಳೆತು ಅಮೋನಿಯ ಬರುತ್ತದೆ, ವಾಸನೆ ತಡೆದುಕೊಳ್ಳಬೇಕು ಅಷ್ಟೆ. ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ. ಈ ಹಂತದಲ್ಲಿ ಲೈಟ್ ಬೇಡ, ಉರಿಸಿದರೆ ಪಾಚಿಗೆ ಅನುಕೂಲ ಮಾಡಿಕೊಟ್ಟ ಹಾಗೆ. ಬ್ಯಾಕ್ಟೀರಿಯಾ ಬೆಳೆಸಲು ಬಡಪಾಯಿ ಮೀನೊಂದನ್ನು ಬಿಡುವ ಹಳೆಯ ಪದ್ಧತಿ ಇದೆ. ದಯವಿಟ್ಟು ಅದನ್ನು ಮಾಡಬೇಡಿ, ಮೀನಿನ ಕಿವಿರು ಸುಡುತ್ತದೆ.

ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಕಿಟ್. ಹನಿ ಹಾಕುವ ಅಮೋನಿಯ ಕಿಟ್‌ಗಳಲ್ಲಿ ಸಾಮಾನ್ಯವಾಗಿ ನೀರು ಹಳದಿಯಾಗಿ ಉಳಿದರೆ ಸೊನ್ನೆ, ಹಸಿರಿಗೆ ತಿರುಗಿದಷ್ಟೂ ಅಮೋನಿಯ ಜಾಸ್ತಿ. ನೈಟ್ರೇಟ್ ಕಿಟ್ಟಿನ ಒಂದು ಬಾಟಲಿಯಲ್ಲಿ ಪುಡಿ ತಳಕ್ಕೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಅರ್ಧ ನಿಮಿಷವಾದರೂ ಜೋರಾಗಿ ಕುಲುಕದಿದ್ದರೆ ಸುಳ್ಳು ಫಲಿತಾಂಶ ಬರುತ್ತದೆ. ಮೊದಲು ಅಮೋನಿಯ ಇಳಿಯುತ್ತಾ ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಮತ್ತೆ 2 ಪಿಪಿಎಂ ಅಮೋನಿಯ ಹಾಕಿ ನೋಡಿ. 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ಏರಿದ ನೈಟ್ರೇಟನ್ನು ಇಳಿಸಲು ಒಮ್ಮೆ ದೊಡ್ಡದಾಗಿ ನೀರು ಬದಲಿಸಿ, ಆಮೇಲೆ ಮೀನಿನ ಅಂಗಡಿ ಕಡೆ ಹೋಗಿ.

ಇದಾದ ಕೆಲವು ವಾರಗಳಲ್ಲಿ ಮರಳಿನ ಮೇಲೆ ಕಂದು ಪುಡಿಯಂಥ ಪದರ ಬರುತ್ತದೆ, ಆಮೇಲೆ ಹಸಿರು ಕೂದಲಿನಂಥ ಪಾಚಿ. ನೋಡಲು ಬೇಸರ, ಆದರೆ ಹೊಸ ಟ್ಯಾಂಕಿಗೆ ಇದು ಸಹಜ. ಔಷಧಿ ಸುರಿಯುವುದು ಬೇಡ. ಊಟ ಕಡಿಮೆ ಮಾಡಿ, ಲೈಟ್ ಸಮಯ ಇಳಿಸಿ, ಪಾಚಿ ತಿನ್ನುವ ನಾಲ್ಕು ಟರ್ಬೋ ಅಥವಾ ಟ್ರೋಕಸ್ ಬಸವನ ಹುಳು ಬಿಡಿ.

ಆವಿಯಾದ ನೀರಿಗೆ ಉಪ್ಪುನೀರು ಸೇರಿಸಬಾರದು

ಹೊಸಬರಿಗೆ ಇದು ಬೇಗ ಹೊಳೆಯುವುದಿಲ್ಲ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಸಿಗುವುದೇ ಹೀಗೆ. 110 ಲೀಟರಿನಲ್ಲಿ 6 ಲೀಟರ್ ಆವಿಯಾದರೆ ಉಪ್ಪಿನ ಮಟ್ಟ 35ರಿಂದ 37ಕ್ಕೆ ಏರುತ್ತದೆ. ಹಾಗಾಗಿ ಇಳಿದ ಮಟ್ಟಕ್ಕೆ ದಿನಾ ಉಪ್ಪಿಲ್ಲದ ಆರ್‌ಓ-ಡಿಐ ನೀರನ್ನು ಸೇರಿಸಬೇಕು. ಗಾಜಿನ ಮೇಲೊಂದು ಗುರುತು ಮಾಡಿಕೊಂಡರೆ ಸುಲಭ. ಇದನ್ನೇ ತಾನಾಗಿ ಮಾಡುವ ಎಟಿಓ ಅನ್ನುವ ಉಪಕರಣ ಸಿಗುತ್ತದೆ. ಲೈಟಿಗಿಂತ ಮುಂಚೆ ಇದಕ್ಕೆ ದುಡ್ಡು ಹಾಕಿ ಅನ್ನುತ್ತೇನೆ ನಾನು.

ಉಪ್ಪುನೀರು ಬೇಕಾಗುವುದು ವಾರಕ್ಕೊಮ್ಮೆ 10 ಪರ್ಸೆಂಟ್ ನೀರು ಬದಲಿಸುವಾಗ. 110 ಲೀಟರಿಗೆ ವಾರಕ್ಕೆ 11 ಲೀಟರ್, ಅಂದರೆ ತಿಂಗಳಿಗೆ ಒಂದೂವರೆಯಿಂದ ಎರಡು ಕಿಲೋ ಉಪ್ಪು.

ಹವಳ ಮತ್ತು ಕಾನೂನು

ವಿದೇಶದ ವಿಡಿಯೋಗಳಲ್ಲಿ ಲೈವ್ ರಾಕ್ (ಜೀವಿಗಳು ಅಂಟಿಕೊಂಡಿರುವ ಹವಳದ ಕಲ್ಲು) ಹಾಕಿ, ಹವಳ ನೆಡಿ ಅಂತ ಹೇಳುತ್ತಾರೆ. ಅದನ್ನು ಇಲ್ಲಿ ಹಾಗೇ ಮಾಡಲು ಹೋದರೆ ಜೈಲಿನ ಮಾತು ಬರುತ್ತದೆ. 2001ರಲ್ಲಿ ಕೇಂದ್ರ ಸರ್ಕಾರ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್‌ಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟಕ್ಕೆ ಸೇರಿಸಿತು. ಅದು ಹುಲಿ, ಆನೆ ಇರುವ ಪಟ್ಟಿ. ಅಂಥ ಪ್ರಾಣಿಗಳನ್ನು ಹಿಡಿದರೆ, ಮಾರಿದರೆ 3ರಿಂದ 7 ವರ್ಷ ಜೈಲು ಶಿಕ್ಷೆ ಇದೆ. ಕಡಲ್ಗುದುರೆಯೂ ರಕ್ಷಿತ ಜೀವಿಯೇ. ಸತ್ತ ಹವಳದ ತುಂಡು ಅಂತ ಬೀಚಿನಿಂದ ಎತ್ತಿಕೊಂಡು ಬರುವುದೂ ತೊಂದರೆಗೆ ದಾರಿ.

ಅಂಗಡಿಯಲ್ಲಿ "ಇದು ಇಂಪೋರ್ಟೆಡ್" ಅಂದರೆ? ಎಲ್ಲ ಗಟ್ಟಿ ಹವಳಗಳೂ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಆ ಒಪ್ಪಂದವನ್ನು ನಮ್ಮ ಕಾಯ್ದೆಯೊಳಗೇ ತಂದಿದೆ. ಅಂಥ ಜೀವಿಯನ್ನು ಇಟ್ಟುಕೊಳ್ಳಲು ಆಮದಿನ ದಾಖಲೆ, ನೋಂದಣಿ ಬೇಕು. ಕಾಗದ ತೋರಿಸದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ಕಾನೂನಿನ ಭಯ ಒಂದೇ ಅಲ್ಲ, ಹವಳ ಬೆಳೆಯುವ ವೇಗವನ್ನೂ ನೋಡಿ. ಗುಂಡುಕಲ್ಲಿನಂಥ ಹವಳಗಳು ವರ್ಷಕ್ಕೆ ಬೆಳೆಯುವುದೇ ಒಂದೆರಡು ಸೆಂಟಿಮೀಟರ್, ಎಷ್ಟೋ ಸಲ ಅದಕ್ಕೂ ಕಡಿಮೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಖಾರಿಯ ಹವಳಗಳು ಈಗಾಗಲೇ ಬಿಸಿಯಾದ ಕಡಲಿಗೆ ಬಿಳಿಚಿಕೊಳ್ಳುತ್ತಿವೆ. ಹವಳ ನೋಡುವ ಆಸೆ ಇದ್ದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿಗಿಳಿದು ನೋಡಿ ಬನ್ನಿ. ಮನೆ ಟ್ಯಾಂಕಿಗೆ ಮನುಷ್ಯರೇ ಮಾಡಿದ ಸೆರಾಮಿಕ್ ಕಲ್ಲು ಸಾಕು. ತೂತು ಇದ್ದರೆ ಬ್ಯಾಕ್ಟೀರಿಯಾ ಅದರಲ್ಲೇ ಮನೆ ಮಾಡಿಕೊಳ್ಳುತ್ತವೆ.

ಯಾವ ಮೀನು

ಎರಡು ಅಡಿ ಟ್ಯಾಂಕಿಗೆ ಮೂರು-ನಾಲ್ಕು ಸಣ್ಣ ಮೀನು, ಅಷ್ಟೆ. ಮೊದಲಿಗೆ ಆಸೆಲಾರಿಸ್ ಕ್ಲೌನ್‌ಫಿಶ್‌ನ ಎರಡು ಮರಿ ತನ್ನಿ. ಕ್ಲೌನ್‌ಫಿಶ್ ಮರಿಗಳಲ್ಲಿ ಹೆಣ್ಣೇ ಇರುವುದಿಲ್ಲ. ಜೊತೆಯಲ್ಲಿ ದೊಡ್ಡದಾಗಿ ಬೆಳೆದು ದಬಾಯಿಸುವುದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಉಳಿಯುತ್ತದೆ. ಕಡಲಿನಲ್ಲಿ ಅವು ಆಸರೆ ಪಡೆಯುವ, ಹೂವಿನಂತೆ ಕಾಣುವ ಎನಿಮೋನ್ ಅನ್ನುವ ಜೀವಿ ಟ್ಯಾಂಕಿನಲ್ಲಿ ಬೇಕೇಬೇಕು ಅಂತೇನಿಲ್ಲ. ಎನಿಮೋನ್‌ಗೆ ಹಳೆಯ ಟ್ಯಾಂಕು, ಜೋರು ಬೆಳಕು ಬೇಕು, ಹೊಸಬರ ಕೈಯಲ್ಲಿ ಅದು ಹೆಚ್ಚಾಗಿ ಸಾಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಕ್ಲೌನ್‌ಫಿಶ್ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ, ಅದನ್ನು ಯೋಚಿಸಿಯೇ ತನ್ನಿ. ಆಮೇಲೆ ಒಂದು ಫೈರ್‌ಫಿಶ್, ಒಂದು ವಾಚ್‌ಮನ್ ಗೋಬಿ ಸೇರಿಸಬಹುದು. ಫೈರ್‌ಫಿಶ್ ಹಾರಿ ಹೊರಗೆ ಬೀಳುವ ಮೀನು, ಟ್ಯಾಂಕಿನ ಮೇಲೆ ಜಾಲರಿ ಇರಲಿ.

ಮರಿ ಮಾಡಿಸಿ ಬೆಳೆಸಿದ ಮೀನನ್ನೇ ಕೇಳಿ. ಕೊಚ್ಚಿಯಲ್ಲಿ ಮುಖ್ಯ ಕಚೇರಿ, ಮಂಗಳೂರು ಮತ್ತು ಕಾರವಾರದಲ್ಲೂ ಕೇಂದ್ರ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನ ರೂಪಿಸಿ ವರ್ಷಗಳೇ ಆಗಿವೆ. ಕಡಲಿನಿಂದ ಹಿಡಿದು ತಂದ ಮೀನಿನ ಕಥೆ ಬೇರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕೆಲವೆಡೆ ಹವಳದ ಸಂದಿಗೆ ಸಯನೈಡ್ ಚಿಮುಕಿಸಿ, ಮಂಪರು ಕವಿದ ಮೀನನ್ನು ಹಿಡಿಯುವ ಕೆಟ್ಟ ಪದ್ಧತಿ ಇದೆ. ಅದರಿಂದ ಸುತ್ತಲಿನ ಹವಳವೂ ಸಾಯುತ್ತದೆ.

ನೀಲಿ ಟ್ಯಾಂಗ್ ಎಷ್ಟೇ ಚೆಂದ ಕಂಡರೂ ಬೇಡ, ಅದು ಒಂದು ಅಡಿ ಬೆಳೆಯುವ ಮೀನು. ಮ್ಯಾಂಡರಿನ್ ಮೀನು ಹೆಚ್ಚಾಗಿ ಕಲ್ಲಿನ ಮೇಲೆ ಓಡಾಡುವ ಜೀವಂತ ಪುಟಾಣಿ ಪ್ರಾಣಿಗಳನ್ನೇ ತಿನ್ನುತ್ತದೆ, ಹೊಸ ಟ್ಯಾಂಕಿನಲ್ಲಿ ಉಪವಾಸ ಬೀಳುತ್ತದೆ. ಬಟರ್‌ಫ್ಲೈ ಮೀನುಗಳಲ್ಲಿ ಹಲವು ಹವಳವನ್ನೇ ತಿಂದು ಬದುಕುವಂಥವು.

ಅಂಗಡಿಯಲ್ಲಿ ಮೀನಿಗೆ ಊಟ ಹಾಕಿಸಿ ನೋಡಿ. ತಿನ್ನದಿದ್ದರೆ ಬಿಟ್ಟುಬನ್ನಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದ್ದರೂ, ಏದುಸಿರು ಬಿಡುತ್ತಿದ್ದರೂ ಬೇಡ. ಸಾಧ್ಯವಿದ್ದರೆ ಬೇರೆ ಚಿಕ್ಕ ಟ್ಯಾಂಕಿನಲ್ಲಿ ನಾಲ್ಕು ವಾರ ಪ್ರತ್ಯೇಕ ಇಟ್ಟು ನೋಡಿ. ಬಿಳಿ ಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೆ ಹಾಕಿದರೆ ಬಸವನ ಹುಳು, ಸೀಗಡಿ ಎಲ್ಲ ಸಾಯುತ್ತವೆ, ಅದಕ್ಕೇ ಈ ಬೇರೆ ಟ್ಯಾಂಕ್.

ಮನೆಗೆ ತಂದ ದಿನ, ಆಮೇಲಿನ ದಿನಗಳು

ಚೀಲವನ್ನು ಬಿಚ್ಚದೆ ಹದಿನೈದು-ಇಪ್ಪತ್ತು ನಿಮಿಷ ತೇಲಲು ಬಿಡಿ, ಬಿಸಿ ಸಮ ಆಗಲಿ. ಆಮೇಲೆ ಬಕೆಟ್ಟಿಗೆ ಸುರಿದು, ಸಣ್ಣ ಪೈಪಿನಿಂದ ಟ್ಯಾಂಕಿನ ನೀರು ತೊಟ್ಟುತೊಟ್ಟಾಗಿ ಬೀಳುವಂತೆ ಮಾಡಿ. ಉಪ್ಪಿನ ಮಟ್ಟ ಸಮ ಆದಮೇಲೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ, ಚೀಲದ ನೀರು ಟ್ಯಾಂಕಿಗೆ ಬೇಡ. ಆ ದಿನ ಲೈಟ್ ಆಫ್ ಇರಲಿ. ಮುಂದಿನ ಮೀನು ತರುವ ಮೊದಲು ಎರಡು ವಾರವಾದರೂ ಬಿಡಿ, ಹೆಚ್ಚಾದ ಅಮೋನಿಯಕ್ಕೆ ತಕ್ಕಂತೆ ಬ್ಯಾಕ್ಟೀರಿಯಾ ಹೆಚ್ಚಬೇಕಲ್ಲ.

ಊಟ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಅಜ್ಜಿ ಒಮ್ಮೆ, ಮಗು ಒಮ್ಮೆ, ಕೆಲಸದವರು ಒಮ್ಮೆ ಹಾಕಿದರೆ ನೀರು ಕೆಡುತ್ತದೆ. ಮನೆಯಲ್ಲಿ ಒಬ್ಬರಿಗೇ ಆ ಕೆಲಸ ವಹಿಸಿ.

ಕರೆಂಟ್ ಹೋದರೆ ಮೊದಲ ಸಮಸ್ಯೆ ಆಮ್ಲಜನಕ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಮನೆಯಲ್ಲಿರಲಿ, ಇಲ್ಲವೇ ವೇವ್‌ಮೇಕರನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಅದು ಎಳೆಯುವ ಕರೆಂಟು ತೀರಾ ಕಡಿಮೆ. ಹಬ್ಬಕ್ಕೆ ಊರಿಗೆ ಹೋಗುವಾಗ ಎರಡು ಮೂರು ದಿನ ಊಟ ಇಲ್ಲದಿದ್ದರೂ ಆರೋಗ್ಯವಾಗಿರುವ ಕ್ಲೌನ್‌ಫಿಶ್‌ಗೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗುವುದಾದರೆ ಊಟದ ಡಬ್ಬಿ ಎತ್ತಿಟ್ಟು, ಆರ್‌ಓ-ಡಿಐ ನೀರಿನ ಕ್ಯಾನನ್ನು ಟ್ಯಾಂಕಿನ ಪಕ್ಕ ಇಟ್ಟು, ಗಾಜಿನ ಮೇಲಿನ ಗುರುತು ತೋರಿಸಿ ಹೋಗಿ.